ಗುರುವಾರದ ಪಾಳಿ

ವಿಹಾರ ಅಂದ್ರೆ ದೊಡ್ಡದೇನಲ್ಲ,
ಮುಚ್ಚಿದ ಹತ್ತಿ ಮಿಲ್ಲಿನ ಹಿಂದೆ
ಟೇಲರ್ ಅಂಜಿನಪ್ಪನ ಮಾಳಿಗೆ ಮೇಲಿನ ಶೀಟಿನ ಕೋಣೆ.
ಮಳೆಗಾಲದ ಮೂರು ತಿಂಗಳು ಊರೂರು ತಿರುಗಬಾರದಂತೆ,
ಹಾಗಂತ ಆಷಾಢದ ಹುಣ್ಣಿಮೆಗೆ ಬಂದು ಕೂತಳು
ಬೀದರ್ ಕಡೆಯ ಭಿಕ್ಖುಣಿ.
ಬೋಳು ತಲೆ, ಸವೆದ ಚಪ್ಪಲಿ, ಹೆಸರು ಉಪ್ಪಲಾ.
ನೀಲಿ ತಾವರೆ ಅಂತ ಅರ್ಥ, ಅಂದರು ಚೌಡಪ್ಪ ಮೇಷ್ಟ್ರು.
ನಮ್ಮ ಓಣಿಯ ಬಾಯಿಗೆ ಆಕೆ ಉಪ್ಪಲಮ್ಮ.

ಆಕೆ ಅಡುಗೆ ಮಾಡಂಗಿಲ್ಲ, ದುಡ್ಡು ಮುಟ್ಟಂಗಿಲ್ಲ,
ನಾಳೆಗಂತ ಒಂದು ತುತ್ತು ಎತ್ತಿಡಂಗಿಲ್ಲ,
ಇಂಥದ್ದು ಬೇಕು ಅಂತ ಬಾಯಿ ಬಿಡಂಗಿಲ್ಲ.
ಕೈಯಾರೆ ಕೊಟ್ಟರೆ ಊಟ, ಹನ್ನೆರಡು ಹೊಡೆದರೆ ಇಲ್ಲ.
"ಇದೆಂಥ ಹೆಂಗಸವ್ವ, ಕೂಸು ಸಾಕೋದೇ ಸಲೀಸು"
ಅಂದಳು ಆಸ್ಪತ್ರೆ ಆಯಾ ಕೆಂಚವ್ವ,
ಅಂದವಳೇ ಮಂಗಳವಾರ ತನಗೇ ಅಂತ ಬರೆಸಿದಳು.

ಹಳೇ ಕ್ಯಾಲೆಂಡರಿನ ಬೆನ್ನಿಗೆ ಪಾಳಿ ಪಟ್ಟಿ. ಗುರುವಾರ ನಾನು.
ಪಟ್ಟಿಯಲ್ಲಿಲ್ಲದ ಭಟ್ಟಿಯ ಬುಡೇನ್ ಸಾಬರು
ಶುಕ್ರವಾರ ಬೆಳಿಗ್ಗೆ ಒಂದು ಸೇರು ಮಂಡಕ್ಕಿ ಕಳಿಸುತ್ತಾರೆ,
ಕಾದ ಉಸುಕಿನ ವಾಸನೆ ಸಮೇತ.
ನಮ್ಮಪ್ಪನಿಗೆ ಪಾಳಿ ಅಂದರೆ ಮಿಲ್ಲಿನ ಸೈರನ್ನು.
ಉಪ್ಪಲಮ್ಮ ನಸುಕಿಗೆ ಗುನುಗುವ ಭಾಷೆಗೂ ಪಾಳಿ ಅಂತಾರೆ.

ಅದೇ ನಸುಕಿಗೆ ನಾನು ಪೊರಕೆ ಹಿಡಿದು ಅಶೋಕ ರಸ್ತೆಯಲ್ಲಿ.
ಇಪ್ಪತ್ತೆರಡು ವರ್ಷ ಗುಡಿಸಿದ ಮೇಲೆ ಕೇಳಿದೆ,
ಯಾರಮ್ಮ ಈ ಅಶೋಕ?
"ಕೊಂದು ಕೊಂದು ಸುಸ್ತಾದ ಒಬ್ಬ ರಾಜ.
ಮೊಳಕಾಲ್ಮೂರಿನ ಕಡೆ ಬಂಡೆ ಮೇಲೆ ಬರೆಸ್ಯಾನೆ,
ತಾಯಿ ತಂದೆ ಮಾತು ಕೇಳ್ರಪ್ಪ ಅಂತ."
ಅಷ್ಟೇನಾ? ಅಂದೆ.
ಅಷ್ಟು ಮಾಡಿದರೆ ಬಂಡೆಗೆ ಸಾಕು, ಅಂದಳು.

ಮೊದಲ ಸಲ ಅನ್ನ ಬಡಿಸುವಾಗ ಕೈ ನಡುಗಿತ್ತು.
ನಮ್ಮ ಕೈಯಿಂದ ಇನ್ನೊಬ್ಬರ ಪಾತ್ರೆಗೆ,
ಮೇಲಿಂದಲ್ಲ, ಅಂಚಿಗೆ ಸೌಟು ತಾಗಿಸಿ.
ನನ್ನವ್ವ ಹಬ್ಬದ ಮಾರನೇ ದಿನ
ದೊಡ್ಡ ಮನೆಗಳ ಹಿತ್ತಲಲ್ಲಿ ಗಡಿಗೆ ಹಿಡಿದು ನಿಲ್ಲುತ್ತಿದ್ದಳು.
ಎತ್ತರದಿಂದ ಬೀಳುತ್ತಿತ್ತು ತಣ್ಣಗಿನ ಸಾರು,
ಅರ್ಧ ಗಡಿಗೆಗೆ, ಅರ್ಧ ಅವ್ವನ ಮೊಣಕೈಗೆ.
ಒಮ್ಮೆ ಉಪ್ಪಿಲ್ಲ ಅಂದುಬಿಟ್ಟೆ, ಸಣ್ಣವಳು.
ಅವ್ವ ನನ್ನ ಬಾಯಿಗೆ ಅಂಗೈ ಒತ್ತಿದಳು:
"ಇಸಗೊಂಡು ಉಣ್ಣೋರಿಗೆ ನಾಲಿಗೆ ಇರಬಾರದು ಮಗಾ."

ಶ್ರಾವಣದ ಎರಡನೇ ಗುರುವಾರ,
ಮೇಸ್ತ್ರಿ ಹಾಜರಿಗೆ ಅಂತ ನಿಲ್ಲಿಸಿಕೊಂಡ, ರೈಲ್ವೆ ಗೇಟು ಬಿತ್ತು,
ಗೂಡ್ಸು ಗಾಡಿ ಎಣಿಸಿದಷ್ಟೂ ಡಬ್ಬಿ.
ಮನೆಗೆ ಬಂದು ಮೈಮೇಲೆ ನೀರು ಸುರಿದುಕೊಂಡು
ಹುರುಳಿ ಸಾರು ಕುದಿಸಿ, ಕ್ಯಾರಿಯರ್ ಹಿಡಿದು ಓಡಿ,
ಹನ್ನೊಂದೂ ನಲವತ್ತಕ್ಕೆ ಮೆಟ್ಟಿಲು ಹತ್ತಿದೆ.
ಉಂಡಳು, ಕಣ್ಣು ಕೆಳಗೆ, ಒಂದೇ ಹದದಲ್ಲಿ,
ಒಂದಗುಳೂ ಬಿಡದೆ.

ಮನೆಯಲ್ಲಿ ಮಗ ಮೊದಲ ತುತ್ತಿಗೇ, "ಅವ್ವಾ, ಉಪ್ಪು?"

ಕಾಗದದಲ್ಲಿ ಹರಳುಪ್ಪು ಕಟ್ಟಿಕೊಂಡು ಮತ್ತೆ ಓಡಿದೆ,
ಏನು ಮಾಡಲಿಕ್ಕೆ ಅಂತ ನನಗೂ ತಿಳಿಯದು.
ಹನ್ನೆರಡೂ ಹತ್ತು. ಪಾತ್ರೆ ತೊಳೆದು ಬಿಸಿಲಿಗೆ ಬೋರಲಿಟ್ಟಿದ್ದಳು.
ಬೆವರೋ ಕಣ್ಣೀರೋ, ತುಟಿಗೆ ಬಂದಿದ್ದು ಮಾತ್ರ ಉಪ್ಪುಪ್ಪು.
ಹೇಳಬಾರದಿತ್ತೇ ತಾಯಿ, ಒಂದು ಮಾತು?
ನಮ್ಮವ್ವ ಇಸಗೊಂಡಿದ್ದನ್ನೇ ನಾನು ನಿಮಗೆ ಕೊಟ್ಟೆನಲ್ಲ.
ಆಕೆ ಕಾಗದದ ಪೊಟ್ಟಣ ನೋಡಿದಳು, ನನ್ನ ಒದ್ದೆ ಕೂದಲು ನೋಡಿದಳು.
"ಬಿಸಿ ಇತ್ತು," ಅಂದಳು.

ಮುಂದಿನ ಗುರುವಾರ ನೆನಪಿಟ್ಟು ಉಪ್ಪು ಹಾಕಿದೆ,
ಹಾಕಿದ್ದು ಮರೆತು ಮತ್ತೊಂದು ಸಲ ಹಾಕಿದೆ.
ಅದನ್ನೂ ಉಂಡಳು.
ನೀರು ಮಾತ್ರ ಕೇಳಬಹುದಂತೆ. ಕೇಳಿದಳು,
ಒಂದು ತಂಬಿಗೆ, ಆಮೇಲೆ ಇನ್ನೊಂದು.